ಕಂಪೆನಿಯ ಫ್ರಿಜ್ಜು

ಫ್ರಿಜ್ಜು ಪುಕ್ಕಟೆ, ಕರೆಂಟು ನನ್ನದು.
ಬಾಗಿಲಲ್ಲಿ ಕೆಂಪು ಅಕ್ಷರ, ಒಳಗೆ ನೀಲಿ ದೀಪ.
ಬಾಯಾರುಪದವಿನ ಬಸ್ಸು ನಿಲ್ಲುವಲ್ಲಿ
ರಾತ್ರಿ ಹತ್ತರ ಮೇಲೆ ಉರಿಯುವುದು ಅದೊಂದೇ.
ಕರಾರು ಒಂದು ಪುಟ, ಪೂರಾ ಇಂಗ್ಲಿಷು:
ನಮ್ಮ ಬಾಟ್ಲಿಯಲ್ಲದೆ ಬೇರೇನೂ ಇಡಕೂಡದು.
ಓದದೆ ರುಜು ಹಾಕಿದವಳು ನಾನು.
ಮಜ್ಜಿಗೆ ಇಟ್ಟ ದಿನ ಬೈಸಿಕೊಂಡೆ,
ಮಜ್ಜಿಗೆ ಮಾರುವುದನ್ನೇ ಬಿಟ್ಟೆ.

ಎದುರು ಗೋಡೆಯಲ್ಲಿ ಸರಕಾರದ ಪೋಸ್ಟರು.
ಸಕ್ಕರೆಯ ಬಗ್ಗೆ ಮಲೆಯಾಳದಲ್ಲಿ ಎಂತದೋ ಉಂಟು,
ಒಂದು ಚಮಚ, ಒಂದು ತಲೆಬುರುಡೆ,
ಕೆಳಗೆ ಯಾರದೋ ನಗು.
ಅಂಟು ಸಾಲದೆ ಬಂದ ಹುಡುಗ
ನನ್ನಲ್ಲೇ ಮೈದಾ ಕೊಂಡು ಕಲಸಿ
ಹಚ್ಚಿ ಹೋದ.

ತಿಂಗಳ ಮೊದಲ ಮಂಗಳವಾರ
ಪಯ್ಯನ್ನೂರಿನ ಶ್ಯಾಮಳಾ ಸಿಸ್ಟರ್.
ನನ್ನ ಜಗಲಿಯಲ್ಲೇ ಸಾಲು ನಿಲ್ಲಿಸಿ
ಟೇಪು ಸುತ್ತಿ ಸೊಂಟ ಅಳೆಯುತ್ತಾರೆ
ದರ್ಜಿಯ ಹಾಗೆ; ಬಟ್ಟೆ ಮಾತ್ರ ಬರುವುದಿಲ್ಲ.
ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ, ತುಳುವಿಗೆ,
ಬರುವಷ್ಟು ಬ್ಯಾರಿಗೆ ತಿರುಗಿಸಬೇಕು.
ಸಕ್ಕರೆ ಬೇಡ ಎಂದು ಮೂರು ಭಾಷೆಯಲ್ಲಿ ಹೇಳಿ
ಒಳಹೊಕ್ಕು ಅರ್ಧ ಕಿಲೋ ಸಕ್ಕರೆ ಕಟ್ಟುತ್ತೇನೆ.
ದಿನಾ ನಡೀಬೇಕಂತೆ, ಅರ್ಧ ಗಂಟೆ.
"ಎಲ್ಲಿ ನಡೆಯುವುದು, ಲಾರಿಯ ಅಡಿಯಲ್ಲಾ?"
ಅವ್ವಮ್ಮ ಕೇಳಿದ್ದನ್ನು
ನಾನು ಮಲೆಯಾಳಕ್ಕೆ ತಿರುಗಿಸಲಿಲ್ಲ.

ಮೇಸ್ತ್ರಿ ದೂಮಣ್ಣನದು ಬೇರೆಯೇ ವಾದ:
"ನನ್ನ ಬಾಯಿ, ನನ್ನ ದುಡ್ಡು. ಸರಕಾರಕ್ಕೆಂತ?"
ಹೇಳುತ್ತ ಬಾಟ್ಲಿಯ ಬಿರಡೆ ತಿರುಗಿಸುತ್ತಾನೆ.
ಹೌದು ಎನ್ನುತ್ತೇನೆ ನಾನು. ವ್ಯಾಪಾರ ನೋಡಿ.
ಕಾಲಿನ ಎರಡು ಬೆರಳು ಮಂಗಳೂರಿನಲ್ಲಿ ಬಿಟ್ಟು ಬಂದವ
ಅಂಗಿ ಎತ್ತಿ ಹೊಟ್ಟೆ ಚಿವುಟಿ
ದಿನಾ ಎರಡು ಹೊತ್ತು ಚುಚ್ಚಿಕೊಳ್ಳುವ ಮದ್ದು
ಅದೇ ಸರಕಾರದ್ದು.

ಆ ಮದ್ದು ತಣ್ಣಗಿರಬೇಕು.
ಎಲ್ಲಿಡುವುದೆಂದು ಚೀಟಿಯಲ್ಲಿ ಬರೆದಿಲ್ಲ.
ಕೆಲವರು ನೀರಿನ ಮಡಕೆಯಲ್ಲಿಟ್ಟರು,
ಬಟ್ಯ ಮೂಲ್ಯ ಹಗ್ಗ ಕಟ್ಟಿ ಬಾವಿಗಿಳಿಸಿದ.
ಹಗ್ಗ ಕಡಿಯಿತು.
ಆಮೇಲೆ ಒಬ್ಬೊಬ್ಬರೇ ನನ್ನಲ್ಲಿಗೆ ಬಂದರು.

ಈಗ ಕೆಳಗಿನ ತಟ್ಟಿನಲ್ಲಿ, ಕಿತ್ತಳೆ ಬಾಟ್ಲಿಗಳ ಹಿಂದೆ
ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ಹನ್ನೊಂದು ಸೀಸೆ;
ಅಂಟುಪಟ್ಟಿಯ ಮೇಲೆ ಪೆನ್ನಿನಲ್ಲಿ ಹೆಸರು:
ಅವ್ವಮ್ಮ, ದೂಮಣ್ಣ, ಬಟ್ಯ ಮೂಲ್ಯ,
ಲೆತ್ತೀಸಿಯಾ ಬಾಯಿ, ಪೋಸ್ಟಿನ ಅಂಗಾರ...
ಒಂದರ ಮೇಲೆ ಹೆಸರಿಲ್ಲ.
ಅದು ನನ್ನದು.

ಮೊನ್ನೆ ಬಂದ ಕಂಪೆನಿಯ ಹುಡುಗ,
ಬೈಕಿನ ಧೂಳು ಒರೆಸುತ್ತ, ಫೋಟೋ ತೆಗೆಯಲು.
ದಿನಕ್ಕೆ ನಲ್ವತ್ತು ಫ್ರಿಜ್ಜು, ನಲ್ವತ್ತು ಫೋಟೋ,
ಒಂದರಲ್ಲಿ ಬೇರೆ ಏನಾದರೂ ಕಂಡರೆ
ಅವನ ಸಂಬಳಕ್ಕೆ ಕತ್ತರಿ.
ಡಬ್ಬಿ ಕಂಡ. ತೆರೆದ.
ಹೆಸರು ಒಂದೊಂದೇ ಓದಿದ
ಹಾಜರಿ ಕರೆದ ಹಾಗೆ.
"ಇದು ಆಗೂದಿಲ್ಲ ಯಮುನಕ್ಕ"
ಎಂದು ಡಬ್ಬಿಯನ್ನು ನನ್ನ ಕೈಗಿತ್ತ.
ಫೋಟೋ ತೆಗೆದ. ಸರಿಯಾಗಲಿಲ್ಲ, ಮತ್ತೊಂದು ತೆಗೆದ.
ಆಮೇಲೆ ಡಬ್ಬಿ ಈಸಿಕೊಂಡು
ಇದ್ದಲ್ಲೇ ಇಟ್ಟ, ಇನ್ನೂ ಸ್ವಲ್ಪ ಹಿಂದಕ್ಕೆ.
ಹೋಗುವಾಗ ಮೂರು ಕೇಸು ಹೆಚ್ಚಿಗೆ ಇಳಿಸಿದ.
ಬೇಡವೆನ್ನಲು
ನನಗೆ ಬಾಯಿ ಬರಲಿಲ್ಲ.

ಕರೆಂಟು ಹೋದ ರಾತ್ರಿ ಎಚ್ಚರವಿರುತ್ತೇನೆ.
ನೀಲಿ ದೀಪ ಆರಿದರೆ ಊರೇ ಆರಿದ ಹಾಗೆ.
ಬಾಗಿಲು ತೆರೆಯದೆ, ಗಾಜಿಗೆ ಅಂಗೈ ಒತ್ತಿ
ತಣ್ಣಗಿದೆಯಾ ನೋಡುತ್ತೇನೆ,
ಜ್ವರದ ಮಗುವಿನ ಹಣೆ ನೋಡಿದ ಹಾಗೆ,
ತಿರುಗುಮುರುಗಾಗಿ.

ಇವತ್ತು ಸಂಜೆ ಶಾಲೆ ಬಿಟ್ಟು ಓಡಿ ಬಂದ
ಅವ್ವಮ್ಮನ ಮೊಮ್ಮಗ ಮುನೀರ,
ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿದಿದೆ.
"ಅಜ್ಜಿಯದ್ದು ಕೊಡಿ. ನನಗೊಂದು ಕಿತ್ತಳೆ."
ಒಂದೇ ಬಾಗಿಲು. ಎರಡು ಕೈಗೆ ಎರಡು,
ಎರಡೂ ಒಂದೇ ತಣ್ಣಗೆ.
ಇಪ್ಪತ್ತರ ನೋಟು, ಹದಿನೆಂಟು ನನ್ನದು.
ಚಿಲ್ಲರೆ ಇಲ್ಲದಿದ್ದರೆ ಇಷ್ಟು ವರ್ಷ
ಎರಡು ಮಿಠಾಯಿ ಕೊಟ್ಟು ಕಳಿಸಿದ ಕೈ ಇದು,
ಭರಣಿಯ ಮುಚ್ಚಳಕ್ಕೆ ತಾನಾಗಿ ಹೋಗುತ್ತದೆ.

ನಿಲ್ಲು ಮಗ, ಅನ್ನುತ್ತೇನೆ.
ಗಲ್ಲಾಪೆಟ್ಟಿಗೆಯ ತಳ ಕೆದಕುತ್ತೇನೆ,
ಎಲ್ಲೋ ಒಂದು ನಾಣ್ಯ ಇರಲೇಬೇಕು.
ಅವನು ಭರಣಿಯನ್ನೇ ನೋಡುತ್ತ ನಿಂತಿದ್ದಾನೆ.