ಏಡಿಗೆ ಆರು ದಿನ

ಹಾಳೆಯ ಮೇಲೆ ಸೇತುವೆ ಮುಗಿದು
ಒಂದೂವರೆ ತಿಂಗಳಾಯಿತು.
ಪ್ರೊಗೊ ನದಿಯಲ್ಲಿ ಮಾತ್ರ ಇನ್ನೂ ಎರಡೇ ಕಂಬ,
ಮೂರನೆಯದಕ್ಕೆ ಕಬ್ಬಿಣದ ಪಂಜರ,
ಪಂಜರದೊಳಗೆ ಮೆರಾಪಿ ಬೆಟ್ಟದಿಂದ ಇಳಿದುಬಂದ ಬೂದಿಗೆಸರು.

ನಾನು ಎಂಡಾಂಗ್ ಪಾಲುಪಿ. ಕೆಲಸ, ದಿನಗಳನ್ನು ಜೋಡಿಸುವುದು.
ಯಾವುದರ ಬೆನ್ನಿಗೆ ಯಾವುದು,
ಯಾವುದು ತಡೆದರೆ ಯಾವುದು ನಿಂತೀತು,
ನೀಲಿ ಪಟ್ಟಿ, ಕೆಂಪು ಪಟ್ಟಿ.
ಕೆಂಪು ಈಗ ಗೋಡೆ ಮುಗಿಸಿ ಕಿಟಕಿಯ ತನಕ ಬಂದಿದೆ.

ಜಕಾರ್ತಾದಿಂದ ಬಂದ ಹೆರ್ಮಾವಾನ್ ಸಾಹೇಬರು
ಕಪಿಸೈನ್ಯದ ಚಿತ್ರ ತೋರಿಸಿದರು:
"ಸಮುದ್ರಕ್ಕೇ ಸೇತುವೆ, ಐದೇ ದಿನ!
ನಿಮಗೆ ಒಂದು ನದಿ, ಹದಿನಾಲ್ಕು ತಿಂಗಳು."
ಎಲ್ಲರೂ ನಕ್ಕರು. ಚಹಾ ಬಂತು.

ರಾತ್ರಿ ಹಳೆಯ ಲೆಕ್ಕ ತೆಗೆದು ನೋಡಿದೆ.
ಮೊದಲ ದಿನ ಹದಿನಾಲ್ಕು ಯೋಜನ,
ಮರುದಿನ ಇಪ್ಪತ್ತು,
ಆಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು.
ಕೋತಿಗಳಿಗೂ ಕೈ ಪಳಗಲು ಒಂದು ದಿನ ಬೇಕಾಯಿತು, ಸಾಹೇಬರೇ.
ಅದಕ್ಕೂ ಮೊದಲು ಮೂರು ರಾತ್ರಿ
ದರ್ಭೆಯ ಮೇಲೆ ಮಲಗಿ
ಸಮುದ್ರದ ಒಪ್ಪಿಗೆಗೆ ಕಾದದ್ದು
ಯಾವ ಪಟ್ಟಿಯಲ್ಲಿ ಬರೆದಿರಿ?
ನಮ್ಮ ಜಲ ಇಲಾಖೆಯ ಸಹಿ
ನೂರಾ ಹನ್ನೊಂದು ರಾತ್ರಿ ಮಲಗಿತ್ತು.
ಕಾದು ಕಾದು ಅವನು ಬಿಲ್ಲೆತ್ತಿದ.
ನನ್ನ ಬಳಿ ಇದ್ದದ್ದೂ ಬಿಲ್ಲೇ,
ಸಿಮೆಂಟಿನದು, ಪಾವತಿಯಾಗದ್ದು.

ಅಷ್ಟರಲ್ಲಿ ಗುತ್ತಿಗೆದಾರನ ಪತ್ರ:
ಕರಾರಿನ ತಿಂಗಳು ಅಂದರೆ ಯಾವ ತಿಂಗಳು,
ಹಬ್ಬ ಸೇರಿಸಿಯೋ, ಬಿಟ್ಟೋ?
ಕಾಡಿನಿಂದ ಮರಳಿದ ಐವರಿಗೂ ಇದೇ ತಗಾದೆ.
ಐದು ವರ್ಷಕ್ಕೆ ಎರಡು ಅಧಿಕ ಮಾಸ, ಗಡುವು ತೀರಿದೆ ಎಂದು
ಅಜ್ಜ ಬೆರಳು ಮಡಿಸಿ ಹೇಳಿದ.
ಲೆಕ್ಕ ಸರಿಯಿತ್ತು.
ಯಾರಿಗೂ ಲೆಕ್ಕ ಬೇಕಿರಲಿಲ್ಲ.

ಶನಿವಾರ ಸೈಟಿನಲ್ಲಿ ತೊಗಲುಗೊಂಬೆಯಾಟ.
ಆಡಿಸುವವರು ಮ್ಬಾ ಗಿಯಾರ್ನೊ,
ಎಪ್ಪತ್ತೊಂದು ವರ್ಷ, ಕೈಗೆ ಗಡಿಯಾರವಿಲ್ಲ.
ನಾನು ದೀಪದ ಕಡೆ ಕೂತೆ,
ಬಾಳೆದಿಂಡಿಗೆ ಚುಚ್ಚಿಟ್ಟ ರಾಜರ ಬೆನ್ನು ಕಾಣುವಲ್ಲಿ.
ನಮ್ಮ ಜಾವಾದ ಕಥೆಯಲ್ಲಿ
ಸೇತುವೆ ಒಂದೇ ಏಟಿಗೆ ಮುಗಿಯುವುದಿಲ್ಲ.
ಹಗಲು ಹಾಕಿದ ಕಲ್ಲನ್ನು ರಾತ್ರಿ
ಭಾರಿ ಏಡಿಯೊಂದು ತಳದಿಂದ ಕಿತ್ತುಹಾಕುತ್ತದೆ.
ಬೆಳಿಗ್ಗೆ ಬಂದ ಕಪಿಗಳು ತಲೆ ಕೆರೆದುಕೊಳ್ಳುತ್ತವೆ.
ಮಕ್ಕಳು ಬಿದ್ದು ಬಿದ್ದು ನಕ್ಕರು.
ಮೇಸ್ತ್ರಿ ತುಕಿಮಿನ್ ನಗಲಿಲ್ಲ.
ನನ್ನತ್ತ ತಿರುಗಿ ಎರಡು ಬೆರಳು ಎತ್ತಿದ:
ಎರಡನೇ ಕಂಬ.

ನಡುರಾತ್ರಿ ಕೋಡಂಗಿಗಳು ಬಂದರು, ಕಥೆ ನಿಂತಿತು.
ಅಕ್ಕಿಯ ಬೆಲೆ, ಸೊಸೆಯ ಸಿಟ್ಟು, ಬೈಕಿನ ಕಂತು.
ಹಾಡುವವರಿಗೆ ಹೊತ್ತು ಬಿಟ್ಟುಕೊಟ್ಟು
ಮ್ಬಾ ಲವಂಗದ ಸಿಗರೇಟು ಹಚ್ಚಿದರು.
ಕೇಳಿದೆ, ಗಡಿಯಾರವಿಲ್ಲದೆ ಹೊತ್ತಿಗೆ ಮುಗಿಸುವುದು ಹೇಗೆ?

"ಯುದ್ಧ ಕುಗ್ಗಿಸಬಹುದು.
ಅರಮನೆಯ ಮೊದಲ ಮಾತುಕತೆ ಕುಗ್ಗಿಸಲಾಗದು.
ಇವರಿದ್ದಾರಲ್ಲ, ಈ ಡೊಳ್ಳುಹೊಟ್ಟೆಯವರು,
ಇವರನ್ನು ಎಳೆದಷ್ಟು ಎಳೆಯಬಹುದು, ಒತ್ತಿದಷ್ಟು ಒತ್ತಬಹುದು.
ನಗುವಿಗೆ ಜಾಗ ಇಡದವನ ಆಟ
ಬೆಳಗಿನ ಬಾಂಗಿಗೆ ಸಿಕ್ಕಿಬೀಳುತ್ತದೆ, ಮಗಳೇ."

ನನ್ನ ಹಾಳೆಯಲ್ಲಿ ನಗುವಿಗೆ ಜಾಗ ಇರಲಿಲ್ಲ.
ಮಳೆಗೂ.
ತುಕಿಮಿನನ ಮಗಳ ಮದುವೆಗೂ.

ಏಡಿಯನ್ನು ಮೇಲೆಳೆದು ಕೊಂದಾಗ
ಬಾನು ಬೂದುಬಣ್ಣಕ್ಕೆ ತಿರುಗಿತ್ತು.
ಮ್ಬಾ ಎಲೆಯಾಕಾರದ ಬೆಟ್ಟವನ್ನು ದಿಂಡಿನ ನಡುವೆ ನೆಟ್ಟು
ಒಂದು ಗುಟುಕು ನೀರು ಕುಡಿದರು.
ಆಮೇಲೆ ಬಾಂಗು ಕೇಳಿಸಿತು.

ಸೋಮವಾರ ಮುಳುಗುಗಾರರು ಕಂಬದ ಬುಡಕ್ಕೆ ಇಳಿದರು.
ಒಬ್ಬಾಳು ಕೂರುವಷ್ಟು ಟೊಳ್ಳು.
ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿದೆ:
ಏಡಿ, ಆರು ದಿನ.
ಅದರ ಕೆಳಗೆ: ಮದುವೆ, ಎರಡು ದಿನ.
ಕೆಂಪು ಕಿಟಕಿ ದಾಟಿ ಬಾಗಿಲಿಗೆ ಹೋಯಿತು. ಹೋಗಲಿ.

ಮಧ್ಯಾಹ್ನ ಜಕಾರ್ತಾದ ಫೋನು.
"ಏಡಿ ಅಂದರೇನು, ಎಂಡಾಂಗ್?"
ದಡದಲ್ಲಿ ತುಕಿಮಿನ್ ಕಲ್ಲು ಇಳಿಸುತ್ತಿದ್ದ,
ಮೊದಲ ದಿನದ ಕಲ್ಲು, ನಿಧಾನವಾಗಿ.
ಫೋನನ್ನು ನದಿಯ ಕಡೆ ಹಿಡಿದೆ.