ಇದು ತಾಲೀಮು

ಬೆಳಗ್ಗೆ ಆರೂವರೆಗೆ ಗಂಟಲು ಸರಿಮಾಡಿಕೊಂಡು
ಮೈಕಿನ ಕೆಂಪು ಗುಂಡಿ ಒತ್ತುತ್ತೇನೆ.
ಊರಿನ ನಲವತ್ತೊಂದು ಕಂಬಗಳಲ್ಲಿ
ಮೊದಲು ನನ್ನ ಉಸಿರು,
ಆಮೇಲೆ ಮಾತು.

ಪುರಸಭೆಯಿಂದ ಪ್ರಕಟಣೆ.
ಇಂದು ಒಂಬತ್ತರಿಂದ ಮೂರರವರೆಗೆ
ದಕ್ಷಿಣದ ಮರಳದಂಡೆಗೆ ಯಾರೂ ಇಳಿಯಬಾರದು.
ವಿಮಾನಗಳ ಸದ್ದು ಕೇಳಬಹುದು, ಗಾಬರಿ ಬೇಡ.
ಇದು ತಾಲೀಮು. ಮತ್ತೊಮ್ಮೆ ಹೇಳುತ್ತೇನೆ,
ಇದು ತಾಲೀಮು.

ಕಾಗೋಶಿಮಾದಿಂದ ಹಡಗಿನಲ್ಲಿ ಒಂದು ಇಡೀ ರಾತ್ರಿ ದೂರ
ನಮ್ಮ ದ್ವೀಪ. ಇದೇ ಮೈಕಿನಲ್ಲಿ ಹೋದ ವಾರ
ಕಬ್ಬಿನ ಗಿರಣಿ ಶುರುವಾಗುವ ದಿನ ಓದಿದ್ದೆ.
ಅದಕ್ಕೂ ಮೊದಲು, ನೇರಳೆ ಅಂಗಿ ತೊಟ್ಟು
ಮನೆ ಬಿಟ್ಟು ಹೋದ ಎಂಬತ್ತೆಂಟರ ಅಜ್ಜಿಯ ಗುರುತು.
ಸಿಕ್ಕಳು. ಬಸ್ ತಂಗುದಾಣದಲ್ಲಿ ಕೂತಿದ್ದಳು,
ನಿಂತುಹೋಗಿ ಹದಿನಾಲ್ಕು ವರ್ಷವಾದ ಬಸ್ಸಿಗೆ ಕಾಯುತ್ತ.
ಬಿರುಗಾಳಿಯನ್ನು ಓದುವವಳೂ ನಾನೇ.
ಎಲ್ಲಕ್ಕೂ ಒಂದೇ ದನಿ ಇರಬೇಕು ಎಂದು ಕಲಿಸಿದ್ದಾರೆ:
ಅನ್ನಕ್ಕಿಡುವ ನೀರಿನ ಹಾಗೆ,
ಬೆರಳಿನ ಮೊದಲ ಗೆಣ್ಣಿನವರೆಗೆ, ಅಷ್ಟೇ.

ಫೋನು ಬಡಿದುಕೊಂಡಿತು. ಅತಾರಿ ಕುನಿಹಿಸಾ,
ಕಾಳಗದ ಹೋರಿ ಸಾಕುವವನು.
"ಟಾರು ರಸ್ತೆಯಲ್ಲಿ ನಡೆಸಿದರೆ ಗೊರಸು ಸವೆಯುತ್ತದಮ್ಮ.
ನನ್ನ ಅರನಾಮಿಗೆ ಮರಳೇ ಬೇಕು.
ಬರುವ ಭಾನುವಾರ ಕಣಕ್ಕಿಳಿಯುವವನು,
ಅವನಿಗೆ ಬೇಡವೇ ತಾಲೀಮು?"
ನಿಯಮದ ಹಾಳೆ ತಿರುವಿದೆ. ದೋಣಿ ಇತ್ತು, ಡ್ರೋನ್ ಇತ್ತು,
ಗಾಳಿಪಟವೂ ಇತ್ತು.
ಹೋರಿ ಇರಲಿಲ್ಲ.

ಹತ್ತಕ್ಕೆ ದಿಗಂತದಲ್ಲಿ ಬೂದು ಹಡಗುಗಳು,
ಯಾರೋ ಪೆನ್ಸಿಲಿನಲ್ಲಿ ಗೀಚಿ ಅಳಿಸಲು ಮರೆತಂತೆ.
ನೀರಿನ ಮೇಲೂ ಅಲ್ಲ ಒಳಗೂ ಅಲ್ಲ ಎನ್ನುವಂಥ ದೋಣಿಗಳು
ತಮ್ಮದೇ ಮಂಜು ಎಬ್ಬಿಸಿಕೊಂಡು ದಡಕ್ಕೆ ನುಗ್ಗಿದವು.
ರೆಕ್ಕೆ ಹೊರಳಿಸಿ ನಿಂತಲ್ಲೇ ಇಳಿಯುವ ವಿಮಾನ ಬಂದಾಗ
ಕಚೇರಿಯ ಕಿಟಕಿಗಳು ಹಲ್ಲು ಕಡಿದವು.
ನಮ್ಮ ಹುಡುಗರು, ಅಮೆರಿಕದ ಹುಡುಗರು,
ಒಂದೇ ಕೇದಗೆ ಪೊದೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ
ಗುರಿ ಹಿಡಿದರು.
ಶತ್ರುವಿನ ಜಾಗದಲ್ಲಿ
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನು ನಿಂತಿತ್ತು, ಒಂದು.

ಮಧ್ಯಾಹ್ನ ಹಗ್ಗ ಕಟ್ಟಿದ್ದು ಸರಿಯಿದೆಯೇ ನೋಡಲು ಹೋದೆ.
ಪೊದೆಯ ಪಕ್ಕ ಒಬ್ಬ ಅಂಗಾತ ಬಿದ್ದಿದ್ದ,
ಮುಖಕ್ಕೆ ಹಸಿರು ಬಣ್ಣ, ತೋಳಿಗೆ ಬಿಳಿ ಪಟ್ಟಿ.
"ಹತ್ತೂ ಇಪ್ಪತ್ತಕ್ಕೆ ಸತ್ತೆ," ಎಂದ ತುಟಿ ಅಲುಗಿಸದೆ,
"ಮೂರರವರೆಗೆ ಏಳುವ ಹಾಗಿಲ್ಲ.
ಬೆಳಗಿನ ದನಿ ನಿಮ್ಮದೇ ಅಲ್ಲವೇ?"
ಹೌದೆಂದೆ. ನೆರಳು ಅವನ ಮುಖದಿಂದ ಸರಿದಿತ್ತು.
ನನ್ನ ಕೊಡೆ ಬಿಚ್ಚಿ ಮರಳಿಗೆ ನೆಡಬಹುದಿತ್ತು,
ಸತ್ತವನಿಗೆ ಕೊಡೆ ಹಿಡಿಯಬಹುದೇ ಎಂದು
ಯಾರನ್ನು ಕೇಳುವುದು?

ಅಷ್ಟರಲ್ಲಿ ಬಂದೇಬಿಟ್ಟ ಕುನಿಹಿಸಾ, ಹಗ್ಗದಡಿ ನುಸುಳಿ,
ಹಿಂದೆ ಸಾವಿರ ಕಿಲೋದ ಕರಿಯ ಅರನಾಮಿ.
ಹೋರಿ ನಿಂತಿತು. ಮೂಸಿತು.
ಹುಡುಗನ ಕೊರಳಿನ ಬೆವರುಪ್ಪನ್ನು
ಅಗಲ ನಾಲಿಗೆಯಿಂದ ನೆಕ್ಕತೊಡಗಿತು.
ಹೆಣ ಹಲ್ಲುಕಚ್ಚಿತು, ನಡುಗಿತು,
ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು,
ಆದರೂ ಏಳಲಿಲ್ಲ.
ಓಡಿಬಂದ ಅಂಪೈರು ಪುಸ್ತಕ ತೆರೆದ,
ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

ಮೂರಕ್ಕೆ ಸೀಟಿ ಊದಿತು.
ದಂಡೆಯುದ್ದಕ್ಕೂ ಸತ್ತವರೆಲ್ಲ ಎದ್ದು
ಮರಳು ಕೊಡವಿಕೊಂಡರು.

ನನ್ನ ಮೇಜಿನ ಕೆಳಖಾನೆಯಲ್ಲಿ ಇನ್ನೊಂದು ಹಾಳೆಯಿದೆ,
ಮೇಲಿನಿಂದ ಬಂದದ್ದು, ಪ್ಲಾಸ್ಟಿಕ್ಕಿನಲ್ಲಿ ಭದ್ರ.
ಹೆಚ್ಚುಕಡಿಮೆ ಇದೇ ಮಾತುಗಳು,
ಒಂದು ಸಾಲು ಕಡಿಮೆ.
ಬಂದ ದಿನ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ,
ಮೈಕು ಆರಿದೆಯೇ ಎಂದು ಮೂರು ಸಲ ನೋಡಿ.

ಭಾನುವಾರ ಬೆಳಗ್ಗೆ ಹೋರಿ ಕಾಳಗದ ಪ್ರಕಟಣೆ:
ಕಣದ ಹೆಸರು, ಹೊತ್ತು, ಟಿಕೆಟಿನ ದರ,
ಮಕ್ಕಳಿಗೆ ಅರ್ಧ. ಎಲ್ಲ ಸರಿಯಾಗಿಯೇ ಓದಿದೆ.
ಕೊನೆಗೆ ನಾಲಿಗೆ ತನ್ನಷ್ಟಕ್ಕೆ ತಾನೇ ಅಂದಿತು,
ಇದು ತಾಲೀಮು.
ನಲವತ್ತೊಂದು ಕಂಬಗಳು ಅದನ್ನೂ ಹೇಳಿದವು.
ತಿದ್ದಲು ಗುಂಡಿಯ ಮೇಲೆ ಬೆರಳಿಟ್ಟು ಕಾದೆ.
ಯಾರೂ ಫೋನು ಮಾಡಲಿಲ್ಲ.