ಅನಂತಕಾಲದ ಬಾಬತ್ತು

ಐಕೆನ್‌ಬೆಕ್‌ನಲ್ಲಿ ಹಳ್ಳ ಮೇಲಕ್ಕೆ ಹರಿಯುತ್ತದೆ.
ನಗಬೇಡಿ. ನೂರ ಮೂವತ್ತು ವರ್ಷ ತಳ ಬಗೆದು
ರೂರ್ ಸೀಮೆಯ ಒಲೆಗಳಿಗೆ ಹಾಕಿದೆವು;
ಊರು ಮೂರಾಳುದ್ದ ಕುಸಿದು ಕೂತಿತು,
ದಾರಿ ತಪ್ಪಿದ ಹಳ್ಳ ನಮ್ಮ ಅಂಗಳಕ್ಕೇ ಬಂತು.

ಈಗ ಪಂಪು ಅದನ್ನೆತ್ತಿ ದಂಡೆ ದಾಟಿಸುತ್ತದೆ,
ಕ್ರಿಸ್‌ಮಸ್ಸಿಗೂ ರಜೆಯಿಲ್ಲ.
ನಿಂತರೆ ಮೂರು ವಾರಕ್ಕೆ ಇಗರ್ಜಿಯ ಮೆಟ್ಟಿಲು,
ವರ್ಷದೊಳಗೆ ಬಲಿಪೀಠ.
ಗಣಿ ಮುಚ್ಚಿದರೂ ಇದನ್ನು ಮುಚ್ಚುವಂತಿಲ್ಲ;
ಕಂಪನಿಯ ಖಾತೆಯಲ್ಲಿ ಇದಕ್ಕೊಂದು ಕಾಲಮ್ಮು:
'ಅನಂತಕಾಲದ ಬಾಬತ್ತು'.
ಯಾರೋ ಗುಮಾಸ್ತ ಬರೆದದ್ದು.
ಪಾದ್ರಿಗೆ ಹೊಳೆದಿರಲಿಲ್ಲ ಅಂಥ ಮಾತು.

ನಾನಲ್ಲಿ ರಾತ್ರಿಪಾಳಿ.
ಮುಳ್ಳು ನೋಡುವುದು, ಗ್ರೀಸು ಹಚ್ಚುವುದು, ಬರೆದಿಡುವುದು.

ಅಜ್ಜ ವಾಲೆಂಟಿ ದುಡೆಕ್ ಪೋಲೆಂಡಿನ ಕಡೆಯವನು,
ಜರ್ಮನ್ ಕಲಿತದ್ದು ಕುದುರೆಗೆ ಬಯ್ಯುತ್ತ.
ನೆಲದಡಿಯ ಆ ಕುದುರೆಗೆ ಎಣಿಕೆ ಬರುತ್ತಿತ್ತಂತೆ:
ಕೊಂಡಿ ನಾಲ್ಕು ಸಲ ಟಣ್ ಎಂದರೆ ಎಳೆಯುವುದು,
ಐದನೆಯ ಬಂಡಿ ಸಿಕ್ಕಿಸಿದರೋ, ಕಲ್ಲು.
ಊರಿನ ಮೊದಲ ಮುಷ್ಕರ ಅದರದ್ದೇ
ಎನ್ನುತ್ತಿದ್ದಳು ಅಜ್ಜಿ ಹೆಡ್ವಿಗ್.

ಬಟ್ಟೆ ಬದಲಿಸುವ ಹಜಾರದ ತುಂಬ ಸರಪಳಿ.
ಮನೆಯ ಅಂಗಿ, ಷರಾಯಿ, ಬೂಟು ಕೊಕ್ಕೆಗೆ ಸಿಕ್ಕಿಸಿ
ಛಾವಣಿಗೆಳೆದು ಬೀಗ ಹಾಕಿ ಇಳಿಯುತ್ತಿದ್ದರು.
ಮೇಲೆ ತೂಗುವ ಮುನ್ನೂರು ಜನ,
ಕೆಳಗೆ ತೆವಳುವ ಮುನ್ನೂರು ಜನ,
ನಡುವಿನ ನೆಲದ ಮೇಲೆ ಯಾರೂ ಇಲ್ಲ.

ಮೂವತ್ತೊಂದರ ಫೆಬ್ರವರಿಯಲ್ಲಿ
ಹನ್ನೊಂದು ಸರಪಳಿ ಹಾಗೇ ಉಳಿದವು.
ಮೂರನೆಯ ದಿನ ಅಜ್ಜಿ ತಾನೇ ಹೋಗಿ ಬೀಗ ತೆಗೆದಳು.
ಗಡಗಡನೆ ಇಳಿದು ಬಂತು ಅಂಗಿ;
ಜೇಬಲ್ಲಿ ಪಾರಿವಾಳಕ್ಕೆಂದು ಹಿಡಿ ಬಟಾಣಿ.
ಅದನ್ನವಳು ಬೇಯಿಸಿದಳು. ಮಕ್ಕಳು ನಾಲ್ಕು.

ಈಗ ಆ ಹಜಾರ ಮದುವೆಗಳಿಗೆ ಬಾಡಿಗೆಗೆ.
ಕೊಕ್ಕೆಗಳಿಗೆ ಹೂಗುಚ್ಛ, ಕಾಗದದ ದೀಪ.
ಬುಧವಾರ ಅಲ್ಲಿ ಶಾಲೆಮಕ್ಕಳಿಗೆ ದುರ್ಮುಷ್ ಕಥೆ ಹೇಳುತ್ತಾನೆ,
ಟರ್ಕಿಯ ಝೊಂಗುಲ್ದಾಕಿನಲ್ಲೂ ಅಗೆದವನು, ಇಲ್ಲೂ ಅಗೆದವನು:
"ದೇಶಗಳೆಲ್ಲ ಮೇಲಿನವು, ಮಕ್ಕಳೇ.
ಕೆಳಗೆ ಒಂದೇ ಕತ್ತಲೆ,
ಅಲ್ಲಿ ಪಾಸ್‌ಪೋರ್ಟು ಕೇಳುವವರಿಲ್ಲ."
ಆಮೇಲೆ ಕೆಮ್ಮು.
ಅದೂ ಕಥೆಯೆಂದುಕೊಂಡು ಮಕ್ಕಳು ಕಾಯುತ್ತವೆ.

ಪಂಪಿನ ಸದ್ದು ಊರಿಗೆ ಕೇಳಿಸುವುದೇ ಇಲ್ಲ,
ಅವರವರ ರಕ್ತದ ಸದ್ದಿನ ಹಾಗೆ.
ಹೋದ ಮಾರ್ಚಿನಲ್ಲಿ ಕರೆಂಟು ಹೋಗಿ
ಏಳು ನಿಮಿಷ ಅದು ನಿಂತಿತು. ರಾತ್ರಿ ಎರಡು ಗಂಟೆ.
ಜನರೇಟರಿನ ಜೊತೆ ಗುದ್ದಾಡುತ್ತ ಬಾಗಿಲಾಚೆ ನೋಡಿದೆ:
ಇಡೀ ಊರಿಗೆ ಎಚ್ಚರವಾಗಿತ್ತು.
ಕತ್ತಲೆಯ ಇಳಿಜಾರಿನಲ್ಲಿ
ಒಂದು ಟಾರ್ಚು, ಇನ್ನೊಂದು, ಆಮೇಲೆ ಹತ್ತು,
ಮಾತಿಲ್ಲದೆ, ಸಾಲಾಗಿ
ಇಳಿದು ಬರುತ್ತಿದ್ದವು.